ಸುಣ್ಣದ ಪದರದ ಅಡಿಯಲ್ಲಿದ್ದ ಸಾಲು

‘ಗುಯಿಲಿನ್ ಶಾನ್‌ಶುಯಿ ಜ್ಯಾ ತಿಯನ್‌ಶ್ಯಾ.’ ಗುಯಿಲಿನ್‌ನ ಬೆಟ್ಟ, ನೀರಿನ ಚೆಲುವು ಲೋಕಕ್ಕೇ ಮೊದಲು ಎಂಬ ಈ ಮಾತು ಚೀನಾದಲ್ಲಿ ಎಲ್ಲರ ಬಾಯಲ್ಲೂ ಇದೆ. ದಕ್ಷಿಣದ ಗುವಾಂಗ್‌ಶಿ ಪ್ರಾಂತದ ಈ ಊರಿಗೆ ಬಂದವರು ಮೊದಲು ಮಾಡುವ ಕೆಲಸ ಲಿ ನದಿಯಲ್ಲಿ ದೋಣಿ ಹತ್ತುವುದು. ನಾವೂ ಹತ್ತಿದೆವು. ಶಿಂಗ್‌ಪಿಂಗ್ ಹತ್ತಿರವಾದಂತೆ ಮೇಲಿನ ಅಟ್ಟದಲ್ಲಿ ನೂಕುನುಗ್ಗಲು. 20 ಯುವಾನ್ ನೋಟಿನ ಹಿಂಬದಿಯ ಚಿತ್ರ ಅಲ್ಲಿನ ನದಿಯದೇ. ಜನ ನೋಟನ್ನು ಕೈಯಲ್ಲಿ ಎತ್ತಿ ಹಿಡಿದು, ಅದರ ಬೆಟ್ಟಗಳನ್ನು ಎದುರಿನ ಬೆಟ್ಟಗಳಿಗೆ ಹೊಂದಿಸಿ ಫೋಟೊ ತೆಗೆಯುತ್ತಿದ್ದರು. ನಿಜಕ್ಕೂ ಆ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ.

ಆದರೆ ಆ ಮಾತಿನ ತವರು ನದಿಯಲ್ಲಿಲ್ಲ, ಊರ ನಡುವೆ ಇದೆ. ಮಿಂಗ್ ವಂಶದ ಜಿಂಗ್‌ಜಿಯಾಂಗ್ ರಾಜಕುಮಾರರಿಗಾಗಿ 1372ರಲ್ಲಿ ಕಟ್ಟಲು ಆರಂಭಿಸಿದ ಅರಮನೆಯ ಆವರಣದಲ್ಲಿ ಈಗ ಗುವಾಂಗ್‌ಶಿ ನಾರ್ಮಲ್ ವಿಶ್ವವಿದ್ಯಾಲಯದ ತರಗತಿಗಳಿವೆ. ಅದರ ಮಧ್ಯೆ ದುಶಿಯು ಎಂಬ ಸುಣ್ಣಕಲ್ಲಿನ ಶಿಖರ ಒಂಟಿಯಾಗಿ, ನೆಟ್ಟಗೆ ಎದ್ದಿದೆ. ಬುಡದ ಬಂಡೆಗಳ ತುಂಬ ಶಾಸನಗಳು. ಅವುಗಳಲ್ಲೊಂದು 1201ರದು.

ಬರೆದವನು ವಾಂಗ್ ಝೆಂಗ್‌ಗೊಂಗ್, ದಕ್ಷಿಣ ಸೊಂಗ್ ಅರಸರ ಅಧಿಕಾರಿ. ಅರಸರ ಅಧಿಕಾರಿಗಳನ್ನು ಆರಿಸುವ ಪರೀಕ್ಷೆಗಳಲ್ಲಿ ಪ್ರಾಂತದ ಹಂತವನ್ನು ಗೆದ್ದು, ಮುಂದಿನ ಪರೀಕ್ಷೆಗಾಗಿ ದೂರದ ರಾಜಧಾನಿಗೆ ಹೊರಟಿದ್ದವರಿಗೆ ಅವನು ಬೀಳ್ಕೊಡುಗೆಯ ಔತಣ ಕೊಟ್ಟ. ಆ ಔತಣದಲ್ಲಿ ರಚಿಸಿದ ಎಂಟು ಸಾಲಿನ ಪದ್ಯವೊಂದರ ಮೊದಲ ಸಾಲೇ ಈ ಮಾತು. ಮುಂದಿನ ಸಾಲುಗಳಲ್ಲಿ ಪರೀಕ್ಷೆಯ ಅಂಗಳ ರಣರಂಗವಾಗುತ್ತದೆ, ಹುಲಿ ಚಿರತೆಗಳು ಬಾಗಿಲು ಕಾಯುತ್ತವೆ, ಸಾವಿರಾರು ಹರದಾರಿ ಹಾರುವ ಮಹಾಪಕ್ಷಿ ಬರುತ್ತದೆ. ನಿಮ್ಮನ್ನು ನೋಡಿ ಈ ಮುದಿಕಣ್ಣುಗಳು ತಂಪಾದವು ಎನ್ನುತ್ತಾನೆ ಅವನು. ನಿಮ್ಮ ನೆಲದ ಬೆಟ್ಟಗಳು ಲೋಕಕ್ಕೇ ಮೊದಲು, ನೀವೂ ಹಾಗೆಯೇ ಮೊದಲಿಗರಾಗಿ ಎಂಬುದು ಆ ಹಿರಿಯನ ಹಾರೈಕೆ. ರಾಜಧಾನಿಯಿಂದ ಬಲು ದೂರದ, ಗಡೀಪಾರಾದವರು ಬಂದು ಸೇರುತ್ತಿದ್ದ ಗಡಿನಾಡಿನ ತರುಣರಿಗೆ ಆ ಮಾತು ಎಂಥ ಬಲ ಕೊಟ್ಟಿರಬೇಕು! ಇಂದು ಪ್ರವಾಸಿ ಫಲಕಗಳ ಮೇಲೆ ಆ ಒಂದೇ ಸಾಲು ಉಳಿದು, ಹುಡುಗರು ಮರೆಯಾಗಿರುವುದು ನನಗೆ ದೊಡ್ಡ ನಷ್ಟವೆನಿಸುತ್ತದೆ.

ಪದ್ಯವೂ ಬಹುಕಾಲ ಮರೆಯಾಗಿಯೇ ಇತ್ತು. ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ಕೊರೆದದ್ದರಿಂದಲೇ ಇಲ್ಲಿನ ಬೆಟ್ಟಗಳಿಗೆ ಈ ರೂಪ ಬಂದಿದೆ. ಹಾಗೆ ಕರಗಿದ ಸುಣ್ಣವೇ ಬಂಡೆಯ ಮೇಲೆ ಇಳಿದು, ಗಟ್ಟಿಯಾಗಿ, ಅಕ್ಷರಗಳನ್ನು ಮುಚ್ಚಿತ್ತು. ಮಾತು ಜನರ ನಾಲಗೆಯ ಮೇಲಿತ್ತು, ಅದರ ಕರ್ತೃ ಯಾರೆಂಬುದಕ್ಕೆ ಮಾತ್ರ ಹಲವು ಊಹೆಗಳಿದ್ದವು. 1983ರಲ್ಲಿ ಆ ಪದರವನ್ನು ತೆಗೆದಾಗ ಉತ್ತರ ಸಿಕ್ಕಿತು.

ಬಂಡೆಯ ಕೆಳಗೆ ನಿಂತಿದ್ದಾಗ ಅಲ್ಲಿಯ ವಿದ್ಯಾರ್ಥಿನಿಯೊಬ್ಬಳು ಬೆರಳು ತೋರಿಸಿ ಅಕ್ಷರಗಳನ್ನು ಬಿಡಿಬಿಡಿಯಾಗಿ ಓದಿ ಹೇಳಿದಳು. ಸುತ್ತಲಿನ ಕಲ್ಲು ಒರಟು, ಅಕ್ಷರಗಳ ಅಂಚು ಕೆಲವೆಡೆ ಸವೆದಿದೆ.

ಕ್ವಿಂಗ್ ಅರಸರ ಕಾಲದಲ್ಲಿ ಇದೇ ಆವರಣ ಪ್ರಾಂತದ ಪರೀಕ್ಷಾ ಕೇಂದ್ರವಾಗಿತ್ತು. ದಕ್ಷಿಣದ ಹೆಬ್ಬಾಗಿಲಿನ ಮೇಲೆ ಚೆನ್ ಜಿಚಾಂಗ್ ಎಂಬ ಸ್ಥಳೀಯನ ಗೌರವಕ್ಕೆ ಕೆತ್ತಿಸಿದ ದೊಡ್ಡ ಅಕ್ಷರಗಳಿವೆ. ಪ್ರಾಂತ, ರಾಜಧಾನಿ, ಅರಮನೆ ಮೂರೂ ಹಂತದ ಪರೀಕ್ಷೆಗಳಲ್ಲಿ ಅವನು ಮೊದಲಿಗ. ಕೊನೆಯ ಗೆಲುವು 1820ರಲ್ಲಿ, ವಾಂಗ್ ಹಾರೈಸಿ ಆರು ಶತಮಾನ ಕಳೆದ ಮೇಲೆ. ಗುಯಿಲಿನ್‌ಗೆ ಹೋಗುವವರು ಮೊದಲು ಈ ಆವರಣ ನೋಡಿ, ಪದ್ಯದ ಎಂಟೂ ಸಾಲುಗಳ ಅರ್ಥ ಕೇಳಿ ತಿಳಿದು, ಆಮೇಲೆ ದೋಣಿ ಹತ್ತಲಿ.