ಮುಚ್ಚಳ ತೆಗೆದಿಟ್ಟ ಮೇಷ್ಟ್ರು

ಸಂಚಿಕೆಗೆ ಕಾಲೇಜಿನ ನೆನಪು ಬರೆದುಕೊಡಿ ಅಂತ ಸಂಪಾದಕರು ಕೇಳಿದಾಗ ಬೇರೆ ವಿಷಯ ಹೊಳೆಯಲೇ ಇಲ್ಲ. ನಮ್ಮ ಕಮ್ಯುನಿಕೇಶನ್ ಲ್ಯಾಬಿನ ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ನಾವೆಲ್ಲ ಅವರನ್ನು ರೇಡಿಯೋ ಮೇಷ್ಟ್ರು ಅಂತಲೇ ಕರೆಯುತ್ತಿದ್ದೆವು, ಅದು ಅವರಿಗೂ ಗೊತ್ತಿತ್ತು. 1999ರಿಂದ 2003ರವರೆಗೆ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಓದಿದ್ದರಲ್ಲಿ ಬಹುಪಾಲು ಪರೀಕ್ಷೆ ಮುಗಿದ ವಾರವೇ ಮರೆತುಹೋಯಿತು. ಆ ಲ್ಯಾಬು ಮಾತ್ರ ಉಳಿದಿದೆ.

ಅಲ್ಲಿ ಕರೆಂಟು ಹೊಡೆಯುವ ಒಂದೆರಡು ಪೆಟ್ಟಿಗೆ ಬಿಟ್ಟರೆ ಯಾವುದಕ್ಕೂ ಮುಚ್ಚಳ ಇರಲಿಲ್ಲ. ಬಿಚ್ಚಿದ ಮುಚ್ಚಳಗಳನ್ನೆಲ್ಲ ಬೀರುವಿನ ಮೇಲೆ ಒಟ್ಟಿದ್ದರು. ಪ್ರತಿ ಪೆಟ್ಟಿಗೆಯ ಪಕ್ಕದಲ್ಲಿ ಕೈಯಲ್ಲಿ ಬರೆದ ಸರ್ಕ್ಯೂಟ್ ಚಿತ್ರ, ಸುತಲಿಯಲ್ಲಿ ಕಟ್ಟಿದ ಒಂದು ನೋಟ್‌ಬುಕ್. ಯಾರು ರಿಪೇರಿ ಮಾಡಿದರೂ ತಾರೀಖು, ಹೆಸರು, ಏನು ಕೆಟ್ಟಿತ್ತು, ಏನು ಹಾಕಿದೆ ಅಂತ ಬರೆಯಲೇಬೇಕು. ಒಂದು ರಿಸೀವರಿನ ನೋಟ್‌ಬುಕ್ಕಿನಲ್ಲಿದ್ದ ಸಾಲುಗಳು ನನಗಿನ್ನೂ ಬಾಯಿಪಾಠ. "455ರ ಐಎಫ್ ಕಾಯಿಲ್ ಕೋರ್ ಒಡೆದಿತ್ತು. ಹಳೇ ಮರ್ಫಿಯಿಂದ ತೆಗೆದು ಹಾಕಿದೆ. ಸ್ವಲ್ಪ ಶಿಳ್ಳೆ ಬರುತ್ತೆ, ಮುಂದಿನವರು ನೋಡಿ." ಐಎಫ್ ಕಾಯಿಲ್ ಅಂದರೆ ರಿಸೀವರಿನೊಳಗೆ 455 ಕಿಲೋಹರ್ಟ್ಸ್‌ಗೆ ಕೂರಿಸಿದ ತಂತಿ ಸುರುಳಿ, ಮರ್ಫಿ ಒಂದು ಹಳೇ ರೇಡಿಯೋ ಬ್ರ್ಯಾಂಡ್. ಬರೆದಿದ್ದು ನಮಗಿಂತ ಆರು ವರ್ಷ ಹಿರಿಯ ವಿದ್ಯಾರ್ಥಿ. ಆ ಶಿಳ್ಳೆ ನಿಲ್ಲಿಸಿದ್ದು ನಮ್ಮ ಗುಂಪು ಅಂತ ಹೇಳಲು ಇವತ್ತಿಗೂ ಹೆಮ್ಮೆ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಅನ್ನುವ ಸಾಫ್ಟ್‌ವೇರ್ ಹುಟ್ಟಿದ್ದು 2005ರಲ್ಲಿ. ಯಾರು ಏನು ಬದಲಾಯಿಸಿದರು, ಯಾಕೆ ಬದಲಾಯಿಸಿದರು ಅಂತ ದಾಖಲೆ ಇಡುವುದನ್ನು ನಾನು ಕಲಿತದ್ದು ಅದಕ್ಕೂ ಮೊದಲು, ಆ ಸುತಲಿ ಕಟ್ಟಿದ ನೋಟ್‌ಬುಕ್ಕಿನಿಂದ.

ಇನ್ನೊಂದು ನಿಯಮ ಇತ್ತು. ಗುಂಪಿಗೆ ಮೂವರು. ಒಬ್ಬ ತಂತಿ ಜೋಡಿಸಬೇಕು, ಒಬ್ಬ ರೀಡಿಂಗ್ ತೆಗೆಯಬೇಕು, ಇನ್ನೊಬ್ಬ ಬರೆಯಬೇಕು. ವಾರ ವಾರ ಕೆಲಸ ಬದಲಾಗುತ್ತಿತ್ತು. ಗುಂಪಿನಲ್ಲಿ ಯಾರು ಜಾಸ್ತಿ ಚುರುಕೋ ಅವನು ತನ್ನ ಸರದಿ ಅಲ್ಲದಾಗ ಸಾಲ್ಡರಿಂಗ್ ಐರನ್ ಮುಟ್ಟುವ ಹಾಗಿಲ್ಲ. ಬಾಯಲ್ಲಿ ಹೇಳಬಹುದು, ಅಷ್ಟೇ. ನಮ್ಮ ಗುಂಪಿನಲ್ಲಿ ಆ ಚುರುಕಿನವನು ನಾನೇ ಆಗಿದ್ದರಿಂದ ಬಹಳ ಒದ್ದಾಡಿದ್ದೇನೆ. "ಕೈ ಹಿಂದೆ ಕಟ್ಕೋ, ಆಮೇಲೆ ಮಾತಾಡು" ಅನ್ನುತ್ತಿದ್ದರು.

ಇನ್ನು ಹಾಸ್ಟೆಲಿನ ಕಥೆ. ನಮ್ಮ ಹಾಸ್ಟೆಲಿನಲ್ಲಿ ರೇಡಿಯೋ ಅಂದರೆ ಆಕಾಶವಾಣಿ ಭದ್ರಾವತಿ, 675 ಕಿಲೋಹರ್ಟ್ಸ್. ಮೂರನೇ ವರ್ಷದಲ್ಲಿ ನಾವು ಕೆಲವರು ಸೇರಿ ಹಳೇ ರೇಡಿಯೋದ ಕಾಯಿಲ್, ಗ್ಯಾಂಗ್ ಕಂಡೆನ್ಸರ್, ಎರಡು ಟ್ರಾನ್ಸಿಸ್ಟರ್ ಹಾಕಿ ಸಣ್ಣ ಟ್ರಾನ್ಸ್‌ಮಿಟರ್ ಮಾಡಿ 1100 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕೂರಿಸಿದೆವು. ಬಟ್ಟೆ ಒಣಗಿಸುವ ತಂತಿಯೇ ಆಂಟೆನಾ. ರಾತ್ರಿ ಊಟದ ಹೊತ್ತಿಗೆ ನಮ್ಮ ಪ್ರಸಾರ. ಮೆಸ್ಸಿನ ಸಾಂಬಾರಿನಲ್ಲಿ ಬೇಳೆ ಹುಡುಕುವವರ ಬಗ್ಗೆ ಕ್ರಿಕೆಟ್ ಕಾಮೆಂಟರಿ ಧಾಟಿಯಲ್ಲಿ ವೀಕ್ಷಕ ವಿವರಣೆ. ಎರಡೂ ಬ್ಲಾಕಿನ ಹುಡುಗರು ರೇಡಿಯೋ ಸುತ್ತ ಕೂತು ಬಿದ್ದು ಬಿದ್ದು ನಗುತ್ತಿದ್ದರು. ವಾರ್ಡನ್ನರಿಗೆ ಸುಳಿವೇ ಸಿಗಲಿಲ್ಲ.

ಸಿಕ್ಕಿದ್ದು ಮೇಷ್ಟ್ರಿಗೆ. ಒಂದು ರಾತ್ರಿ ಅವರು ಕೈಯಲ್ಲಿ ಪಾಕೆಟ್ ರೇಡಿಯೋ ಹಿಡಿದು ಗ್ರೌಂಡಿನ ಮೂಲೆಯಲ್ಲಿ ನಿಂತು ಅದನ್ನು ನಿಧಾನ ತಿರುಗಿಸಿದರಂತೆ. ಒಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಯ ತುದಿ ಟ್ರಾನ್ಸ್‌ಮಿಟರ್ ಕಡೆಗೆ ಬಂದಾಗ ಸದ್ದು ಅಡಗುತ್ತದೆ. ಅಲ್ಲೊಂದು ಗೆರೆ. ಕ್ಯಾಂಟೀನ್ ಹತ್ತಿರ ಹೋಗಿ ಇನ್ನೊಂದು ಗೆರೆ. ಎರಡೂ ಕೂಡುವ ಜಾಗ ನಮ್ಮ ರೂಮು. ಬಾಗಿಲು ತಟ್ಟಿದಾಗ ಕಾಮೆಂಟರಿ ನಡೀತಾನೇ ಇತ್ತು.

ಅವರು ಕೂಗಾಡಲಿಲ್ಲ. ಮಾರನೇ ದಿನ ಟ್ರಾನ್ಸ್‌ಮಿಟರನ್ನು ಲ್ಯಾಬಿಗೆ ತರಿಸಿ, ಶಾರ್ಟ್‌ವೇವ್ ರಿಸೀವರ್ ಹಾಕಿ, 2200ರಲ್ಲಿ ನಮ್ಮದೇ ದನಿ ಕೇಳಿಸಿದರು. ಆಮೇಲೆ 3300ರಲ್ಲಿ. ಹೀಗೆ 1100ರ ಎರಡು ಪಟ್ಟು, ಮೂರು ಪಟ್ಟಿನಲ್ಲಿ ಸೋರುವುದಕ್ಕೆ ಹಾರ್ಮೋನಿಕ್ಸ್ ಅನ್ನುತ್ತಾರೆ. "ನಿಮ್ಮ ಹಾರ್ಮೋನಿಕ್ಸ್ ಯಾರ ಮನೆಗೆಲ್ಲ ಹೋಗ್ತಾ ಇದೆ ನೋಡಿ" ಅಂದರು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಬಗ್ಗೆ ಹೇಳಿದರು, ಲೈಸೆನ್ಸ್ ಇಲ್ಲದೆ ಇದನ್ನೆಲ್ಲ ಮಾಡುವುದು ಅಪರಾಧ ಅಂತ. ಶಿಕ್ಷೆ ಏನಪ್ಪಾ ಅಂದರೆ ನಾವೆಲ್ಲ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿ ರೇಡಿಯೋ ಲೈಸೆನ್ಸಿನ ಪರೀಕ್ಷೆಗೆ ಕೂರಬೇಕು. ದಿನಾ ಸಂಜೆ ಮೋರ್ಸ್ ಅಭ್ಯಾಸ. ಎಲ್ಲರೂ ಪಾಸಾದೆವು. ಲೈಸೆನ್ಸ್ ಜೊತೆ ಸಿಕ್ಕ ಗುರುತಿನ ಸಂಕೇತ, ನನ್ನ ಕಾಲ್ ಸೈನ್, ಈಗಲೂ ಜೀವಂತ ಇದೆ.

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಕೂಡ ಅವರಿಂದಲೇ ಬಂದದ್ದು. ಪಿಸಿ ಕ್ವೆಸ್ಟ್ ಪತ್ರಿಕೆ ಜೊತೆ ಬರುತ್ತಿದ್ದ ಸಿಡಿಯನ್ನು ಲ್ಯಾಬಿನ ಕಂಪ್ಯೂಟರಿಗೆ ಹಾಕಿ, ಸಿ ಕಂಪೈಲರಿನ ಸೋರ್ಸ್ ಕೋಡೇ, ಅಂದರೆ ಅದನ್ನು ಬರೆದ ಮೂಲ ಸಾಲುಗಳೇ, ಸಿಗುತ್ತೆ ಅಂತ ತೋರಿಸಿದ್ದರು. ನಮಗೆ ಆಗ ಅದರ ಬೆಲೆ ಗೊತ್ತಾಗಲಿಲ್ಲ. ಅದೇ ಹೊತ್ತಿಗೆ, 2001ರಲ್ಲಿ, ಅಮೆರಿಕದಲ್ಲಿ ಎರಿಕ್ ಬ್ಲಾಸಮ್ ಅನ್ನುವವರು ಜಾನ್ ಗಿಲ್ಮೋರ್ ಅವರ ಹಣದ ನೆರವಿನಿಂದ ಗ್ನೂ ರೇಡಿಯೋ ಶುರು ಮಾಡಿದ್ದರು. ರೇಡಿಯೋದ ಕೆಲಸವನ್ನು ಕಾಯಿಲ್ ಬದಲು ಕಂಪ್ಯೂಟರ್ ಕೋಡಿನಲ್ಲೇ ಮಾಡುವ, ಸೋರ್ಸ್ ತೆರೆದಿಟ್ಟ ಸಾಫ್ಟ್‌ವೇರ್ ಅದು. ಮುಂದೆ ನನ್ನ ಅನ್ನ ಅದರಲ್ಲೇ ಇದೆ ಅಂತ ಯಾರಿಗೆ ಗೊತ್ತಿತ್ತು?

2012ರಲ್ಲಿ ಇನ್ನೊಂದು ದೊಡ್ಡ ಸಂಗತಿ ಆಯಿತು. ಟಿವಿ ನೋಡಲು ಮಾಡಿದ ಒಂದು ಅಗ್ಗದ ಯುಎಸ್‌ಬಿ ಡಾಂಗಲ್ ಇತ್ತು. ಅದರಲ್ಲಿದ್ದ ರಿಯಲ್‌ಟೆಕ್ ಚಿಪ್ ಹಸಿ ಸ್ಯಾಂಪಲ್‌ಗಳನ್ನು, ಅಂದರೆ ಸಿಗ್ನಲನ್ನು ಅಳೆದ ಅಂಕಿಗಳನ್ನು, ನೇರ ಕಂಪ್ಯೂಟರಿಗೆ ಕೊಡಬಲ್ಲದು ಅಂತ ಫಿನ್ಲೆಂಡಿನ ಆಂಟಿ ಪಾಲೊಸಾರಿ ಗುರುತಿಸಿದರು. ಆಸ್ಮೋಕಾಮ್ ಅನ್ನುವ ಓಪನ್ ಸೋರ್ಸ್ ಗುಂಪಿನವರು ಅದಕ್ಕೆ ಸಾಫ್ಟ್‌ವೇರ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಅಲ್ಲಿಯ ತನಕ ಸಾಫ್ಟ್‌ವೇರ್ ರೇಡಿಯೋಗೆ ಒಳ್ಳೆಯ ಹಾರ್ಡ್‌ವೇರ್ ಅಂದರೆ ವಿದ್ಯಾರ್ಥಿಗಳು ಮುಟ್ಟುವ ಬೆಲೆಯಲ್ಲಿ ಇರಲೇ ಇಲ್ಲ.

ಮುಂದಿನ ವರ್ಷ ಅಂಥ ಒಂದು ಡಾಂಗಲ್ ತಗೊಂಡು ಮೇಷ್ಟ್ರ ಮನೆಗೆ ಹೋದೆ. ಆಗಲೇ ರಿಟೈರ್ ಆಗಿದ್ದರು. ಮಧ್ಯಾಹ್ನ ಊಟ ಆದ ಮೇಲೆ ಅವರ ಮನೆ ತಾರಸಿಯಲ್ಲಿ ಅರ್ಧ ಮೀಟರಿಗಿಂತ ಸ್ವಲ್ಪ ಉದ್ದದ ಎರಡು ಅಲ್ಯೂಮಿನಿಯಂ ಕಡ್ಡಿ ಕಟ್ಟಿ, ಅಮೆರಿಕದ ನೋವಾ-19 ಹವಾಮಾನ ಉಪಗ್ರಹ ಬರುವುದನ್ನು ಕಾದೆವು. 137.1 ಮೆಗಾಹರ್ಟ್ಸ್. ಮೊದಲು ಬರೀ ಗೊರಗೊರ. ಆಮೇಲೆ ಟಿಕ್‌ಟಾಕ್, ಟಿಕ್‌ಟಾಕ್ ಅನ್ನುವ ದನಿ ಎದ್ದು ಬಂತು. ಸೆಕೆಂಡಿಗೆ ಎರಡು ಗೆರೆ ಲೆಕ್ಕದಲ್ಲಿ ಚಿತ್ರ ಕಟ್ಟುತ್ತಾ ಹೋಯಿತು. ಶ್ರೀಲಂಕಾ ಕಾಣಿಸಿತು, ನಮ್ಮ ಕರಾವಳಿಯ ಅಂಚು ಕಾಣಿಸಿತು. ಉಪಗ್ರಹ ತಲೆ ಮೇಲೆ ಹಾದು ದೂರ ಹೋಗುವಾಗ ಪರದೆ ಮೇಲಿನ ಸಿಗ್ನಲಿನ ಫ್ರೀಕ್ವೆನ್ಸಿ, ರೈಲು ಹಾದುಹೋದಾಗ ಶಿಳ್ಳೆಯ ಸ್ವರ ಇಳಿಯುವ ಹಾಗೆ, ಮೇಲಿನಿಂದ ಕೆಳಕ್ಕೆ ಜಾರುತ್ತಿತ್ತು. "ಡಾಪ್ಲರ್ ಕಣಯ್ಯಾ, ಎಷ್ಟು ವರ್ಷ ಬೋರ್ಡ್ ಮೇಲೆ ಬರೆದೆ, ಇವತ್ತು ಕಣ್ಣಲ್ಲಿ ನೋಡಿದೆ" ಅಂದರು.

ಆಮೇಲೆ ಡಿಮಾಡ್ಯುಲೇಟರ್, ಅಂದರೆ ಸಿಗ್ನಲಿನಿಂದ ದನಿ ಬಿಡಿಸುವ ಭಾಗ, ಎಲ್ಲಿದೆ ತೋರಿಸು ಅಂದರು. ಗ್ನೂ ರೇಡಿಯೋದ ಆ ಫೈಲ್ ತೆಗೆದು ತೋರಿಸಿದೆ. ಡಾಂಗಲಿನಿಂದ ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಸ್ಯಾಂಪಲ್, ಒಂದೊಂದರಲ್ಲೂ ಐ ಮತ್ತು ಕ್ಯೂ ಅಂತ ಎರಡು ಅಂಕಿ, 8 ಬಿಟ್ಟಿನವು. ನಮಗೆ ಬೇಕಾದ ಪಟ್ಟಿಯನ್ನಷ್ಟೇ ಸೋಸಿಕೊಂಡು, ಒಂದು ಸ್ಯಾಂಪಲನ್ನು ಅದರ ಹಿಂದಿನದರ ಕಾಂಜುಗೇಟಿನಿಂದ (ಕ್ಯೂ ಅಂಕಿಯ ಚಿಹ್ನೆ ತಿರುಗಿಸಿದ ರೂಪದಿಂದ) ಗುಣಿಸಿ, ಬಂದದ್ದರ ಕೋನ ತೆಗೆದರೆ ಮುಗಿಯಿತು, ಎಫ್‌ಎಂ ಬಿಡಿಸಿದಂತೆ. ಲ್ಯಾಬಿನಲ್ಲಿ ಕಾಯಿಲ್ ತಿರುಗಿಸಿ ತಿರುಗಿಸಿ ಸಾಕಾಗುತ್ತಿದ್ದ ಕೆಲಸ ಇಲ್ಲಿ ಕೆಲವೇ ಸಾಲು. ಕನ್ನಡಕ ಮೇಲೆತ್ತಿ ಅಷ್ಟನ್ನೂ ಓದಿದರು. "ಇದಕ್ಕೂ ಮುಚ್ಚಳ ಇಲ್ಲ, ಅಲ್ವಾ?" ಅಂತ ಕೇಳಿದರು.

ಈಗ ಬೆಂಗಳೂರಿನಲ್ಲಿ ವೈರ್‌ಲೆಸ್ ಸಾಫ್ಟ್‌ವೇರ್ ಬರೆಯುವ ನಾಲ್ಕು ತಂಡಗಳನ್ನು ನೋಡಿಕೊಳ್ಳುತ್ತೇನೆ. ಮ್ಯಾನೇಜ್‌ಮೆಂಟ್ ತರಬೇತಿಗಳಿಗೆ ಕಂಪನಿಯವರು ಕಳಿಸಿದ್ದಾರೆ, ಹೋಗಿದ್ದೇನೆ. ಆದರೆ ದಿನಾ ಕೆಲಸಕ್ಕೆ ಬರುವುದು ಮೇಷ್ಟ್ರ ಆ ಎರಡು ನಿಯಮ. ಒಂದು ಕಡೆ ಬಗ್ ಸಿಕ್ಕಿತು ಅಂದರೆ ಸೀನಿಯರ್ ಕೀಬೋರ್ಡ್ ಮುಟ್ಟುವ ಹಾಗಿಲ್ಲ. ಜೂನಿಯರ್ ಟೈಪ್ ಮಾಡಬೇಕು, ಸೀನಿಯರ್ ಪಕ್ಕದಲ್ಲಿ ಕೂತು ಹೇಳಬೇಕು. ಆ ಹೊತ್ತಿಗೆ ನಿಧಾನ ಅನಿಸುತ್ತೆ. ಆದರೆ ಆರು ತಿಂಗಳಲ್ಲಿ ಆ ಭಾಗ ಗೊತ್ತಿರುವವರು ಇಬ್ಬರಾಗುತ್ತಾರೆ. ಒಬ್ಬನೇ ಜಾಣನ ಮೇಲೆ ನಿಂತ ತಂಡ ಅವನು ರಜೆ ಹಾಕಿದ ದಿನ ಕುಸಿಯುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ.

ಎರಡನೆಯದು, ರಿಪೇರಿ ಮಾಡಿದ್ದನ್ನು ಬಚ್ಚಿಡಬಾರದು. ಹಿಂದೆ ನಾನಿದ್ದ ಒಂದು ಕಡೆ ಗ್ನೂ ರೇಡಿಯೋಗೆ ಮಾಡಿದ ತಿದ್ದುಪಡಿಗಳನ್ನೆಲ್ಲ ಒಳಗೇ ಇಟ್ಟುಕೊಂಡಿದ್ದರು. 2019ರಲ್ಲಿ ಗ್ನೂ ರೇಡಿಯೋದ 3.8 ಆವೃತ್ತಿ ಬಂತು, ಪೈಥಾನ್ ಭಾಷೆಯ 3ನೇ ಆವೃತ್ತಿಗೆ ಹೋಗುವ ಕೆಲಸ ಶುರುವಾಯಿತು. 2021ರಲ್ಲಿ 3.9 ಬಂತು, ಸಿ++ ಕೋಡನ್ನು ಪೈಥಾನ್‌ಗೆ ಜೋಡಿಸುವ ಸ್ವಿಗ್ ಹೋಗಿ ಪೈಬೈಂಡ್ ಬಂತು. ಪ್ರತಿ ಸಲವೂ ಎಲ್ಲ ತಿದ್ದುಪಡಿ ಮತ್ತೆ ಕೂರಿಸಬೇಕು. ಬರೆದವರು ಕೆಲಸ ಬಿಟ್ಟು ಹೋಗಿರುತ್ತಿದ್ದರು, ಯಾಕೆ ಬರೆದರು ಅಂತ ಹೇಳುವವರಿಲ್ಲ. ಈಗ ನನ್ನ ತಂಡಗಳಲ್ಲಿ ಕಂಪನಿಯ ಗುಟ್ಟಲ್ಲದ ಪ್ರತಿ ತಿದ್ದುಪಡಿಯನ್ನೂ ಮೂಲ ಯೋಜನೆಗೆ ಕಳಿಸಿಕೊಡುತ್ತೇವೆ. ಹೊರಗಿನವರು ತಪ್ಪು ಹುಡುಕುತ್ತಾರೆ, ನಮ್ಮ ಹುಡುಗರು ಮೊದಲು ಮುನಿಸಿಕೊಳ್ಳುತ್ತಾರೆ, ಆಮೇಲೆ ಅವರ ಕೋಡ್ ನಿಜಕ್ಕೂ ಚೆನ್ನಾಗಿ ಆಗುತ್ತದೆ.

ಕೆಲಸಕ್ಕೆ ತಗೊಳ್ಳುವಾಗ ಈಗಿನ ಮಕ್ಕಳನ್ನು ನೋಡುತ್ತೇನೆ. ಬುದ್ಧಿಗೇನೂ ಕಮ್ಮಿ ಇಲ್ಲ, ನಮಗಿಂತ ಜಾಸ್ತಿಯೇ. 4ಜಿ, ವೈಫೈಗಳಲ್ಲಿ ಬಳಸುವ ಓಎಫ್‌ಡಿಎಂ ತಂತ್ರದ ಬಗ್ಗೆ ಗಡಗಡ ಹೇಳುತ್ತಾರೆ. ಆಂಟೆನಾ ಕಿತ್ತರೆ ನಾಯ್ಸ್ ಎಷ್ಟು ಇಳಿಯುತ್ತೆ ಅಂದರೆ ಸುಮ್ನೆ ನೋಡುತ್ತಾರೆ, ಯಾಕೆಂದರೆ ಯಾರೂ ಕಿತ್ತು ನೋಡಲು ಬಿಟ್ಟಿಲ್ಲ. ಲ್ಯಾಬುಗಳಲ್ಲಿ ಈಗ ಟ್ರೈನರ್ ಕಿಟ್. ಒಳಗೇನಿದೆ ಕಾಣದ ಪೆಟ್ಟಿಗೆ, ಮೇಲೆ ನಾಲ್ಕು ಸಾಕೆಟ್, ತಂತಿ ಚುಚ್ಚಿದರೆ ಉತ್ತರ ಬರುತ್ತೆ, ರೆಕಾರ್ಡ್ ಬರೆದು ಸಹಿ ಹಾಕಿಸಿದರೆ ಮುಗಿಯಿತು. ಇದು ಮಕ್ಕಳ ತಪ್ಪಲ್ಲ. ಅವರಿಗೆ ಸಿಗಬೇಕಾದ್ದು ಸಿಗುತ್ತಿಲ್ಲ ಅಂತ ನನಗೆ ಬೇಸರ.

ಅದಕ್ಕೇ ನಮ್ಮ ಬ್ಯಾಚಿನವರು ಸೇರಿ ವಿಭಾಗಕ್ಕೆ ಒಂದಷ್ಟು ಡಾಂಗಲ್ ಮತ್ತು ಆಂಟೆನಾ ಸಾಮಾನು ಕೊಡುತ್ತಿದ್ದೇವೆ. ನೋವಾದ ಹಳೇ ಉಪಗ್ರಹಗಳು 2025ರಲ್ಲಿ ನಿಂತುಹೋದವು. ಆದರೆ ರಷ್ಯಾದ ಮೆಟಿಯೋರ್ ಸರಣಿ ಅದೇ 137 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಡಿಜಿಟಲ್ ಚಿತ್ರ ಕಳಿಸುತ್ತಿದೆ, ಬಿಡಿಸುವ ಸಾಫ್ಟ್‌ವೇರ್ ಸೋರ್ಸ್ ಸಮೇತ ಸಿಗುತ್ತದೆ. ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ ಎರಡೇ. ತಾರಸಿಗೆ ಆಂಟೆನಾ ಹಾಕಲು ಬಿಡಿ. ಲ್ಯಾಬಿಗೆ ಸಂಜೆ ಐದಕ್ಕೇ ಬೀಗ ಹಾಕಬೇಡಿ, ಉಪಗ್ರಹ ಕಾಲೇಜಿನ ಟೈಮ್ ಟೇಬಲ್ ನೋಡಿಕೊಂಡು ಬರುವುದಿಲ್ಲ.