ಜಿಂಜರ್ ಒಳಗೆ ಹುದುಗಿರುವ ಬೇರು

ಹಾಸನದ ಮಾರುಕಟ್ಟೆಯಲ್ಲಿ ‘ಹಸಿ ಶುಂಠಿ’ ಅಂದರೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಪದ ಬಿಡಿಸಿದರೆ ಮಾತ್ರ ಅದು ‘ಹಸಿ ಒಣಗಿದ್ದು’ ಎಂದಾಗುತ್ತದೆ! ಸಂಸ್ಕೃತದ ‘ಶುಂಠೀ’ ಒಣಗಿಸಿದ ಸರಕಿನ ಹೆಸರು; ‘ಶುಂಠ್’ ಧಾತುವಿಗೆ ಒಣಗು ಎಂದೇ ಅರ್ಥ. ಹಸಿಯದಕ್ಕೆ ಅಲ್ಲಿ ‘ಆರ್ದ್ರಕ’ ಎಂಬ ಬೇರೆ ಹೆಸರಿದೆ. ಆರ್ದ್ರ ಎಂದರೆ ಒದ್ದೆ. ಹಿಂದಿಯ ಅದ್ರಕ್ ಬಂದದ್ದು ಇದರಿಂದ. ಪ್ರಾಕೃತದಲ್ಲಿ ಆರ್ದ್ರವು ‘ಅಲ್ಲ’ ಆಯಿತು; ಮರಾಠಿಯ ಆಲೆ, ತೆಲುಗಿನ ಅಲ್ಲಂ, ನಮ್ಮ ಉತ್ತರ ಕರ್ನಾಟಕದ ‘ಅಲ್ಲ’ ಎಲ್ಲ ಆ ಸಾಲಿನವು. ಅವರು ಒದ್ದೆಯ ಪದ ಇಟ್ಟುಕೊಂಡರು. ಈ ಕಡೆಯವರು ಒಣಗಿದ ಪದ ಹಿಡಿದು ಅದರ ಮೊದಲಿಗೆ ‘ಹಸಿ’ ಸೇರಿಸಿಕೊಂಡೆವು.

ಕಷಾಯ ಮಾಡುವವರು ಇದನ್ನು ಗಮನಿಸಬೇಕು. ಆಯುರ್ವೇದದ ತ್ರಿಕಟು ಅಂದರೆ ಶುಂಠಿ, ಹಿಪ್ಪಲಿ, ಕರಿಮೆಣಸು ಸಮತೂಕ, ಅಲ್ಲಿರುವುದು ಒಣಶುಂಠಿ. ಅದೇ ತೂಕಕ್ಕೆ ಹಸಿಯದನ್ನು ತುರಿದು ಹಾಕಿದರೆ ಲೆಕ್ಕವೂ ತಪ್ಪುತ್ತದೆ, ಪುಡಿಯೂ ಬೂಸ್ಟು ಹಿಡಿಯುತ್ತದೆ. 1 ಕಿಲೋ ಹಸಿಶುಂಠಿ ಒಣಗಿದರೆ ಉಳಿಯುವುದು ಸುಮಾರು 200ರಿಂದ 250 ಗ್ರಾಂ. ಗುಣವೂ ಬದಲಾಗುತ್ತದೆ: ಹಸಿಯದರಲ್ಲಿರುವ ಖಾರದ ರಾಸಾಯನಿಕ ಜಿಂಜರಾಲ್‌ನ ಒಂದಂಶ ಒಣಗುವಾಗ ನೀರು ಕಳೆದುಕೊಂಡು ಇನ್ನಷ್ಟು ಖಾರದ ಶೋಗಾಲ್ ಆಗುತ್ತದೆ. ಶೋಗಾ ಎಂದರೆ ಜಪಾನಿಯಲ್ಲಿ ಶುಂಠಿ.

ಇನ್ನು ಜಿಂಜರ್. ತಮಿಳು, ಮಲೆಯಾಳಗಳಲ್ಲಿ ಶುಂಠಿಗೆ ‘ಇಂಜಿ’, ಬೇರಿಗೆ ‘ವೇರ್’. ಇವೆರಡರ ಹಳೆಯ ರೂಪ ಕೂಡಿ ಪಾಲಿಯಲ್ಲಿ ‘ಸಿಂಗಿವೇರ’, ಗ್ರೀಕಿನಲ್ಲಿ ‘ಜಿಂಗಿಬೆರಿಸ್’, ಲ್ಯಾಟಿನ್ನಿನಲ್ಲಿ ‘ಜಿಂಗಿಬೆರ್’ ಆಯಿತು. ಅರಬ್ಬಿಯ ‘ಜಂಜಬೀಲ್’ ಕುರಾನಿನ 76ನೇ ಅಧ್ಯಾಯದಲ್ಲಿದೆ. ಇಂಗ್ಲಿಷಿನ ಜಿಂಜರ್, ಜರ್ಮನಿಯ ಇಂಗ್ವರ್, ರಷ್ಯದ ಇಂಬೀರ್ ಕೂಡ ಅದೇ ಮೂಲದ ಮಕ್ಕಳೇ.

‘ಸಿಂಗಿವೇರ’ದಲ್ಲಿ ‘ಇಂಜಿ’ಯ ಮೊದಲಿಗೆ ಸಕಾರ ಎಲ್ಲಿಂದ ಬಂತು? ಬಂದದ್ದಲ್ಲ, ದಕ್ಷಿಣದಲ್ಲಿ ಹೋದದ್ದು. ದ್ರಾವಿಡ ಪದಗಳ ಮೊದಲ ಚ-ಸಕಾರ ನಮ್ಮ ಕಡೆ ಹಲವೆಡೆ ಬಿದ್ದುಹೋಗಿದೆ. ನಮ್ಮ ಸಂಖ್ಯೆ ‘ಆರು’ ಮಧ್ಯ ಭಾರತದ ದ್ರಾವಿಡ ನುಡಿ ಗೊಂಡಿಯಲ್ಲಿ ಇಂದಿಗೂ ‘ಸಾರುಂಗ್’. ಇಂಜಿಯೂ ಹಾಗೆಯೇ ತಲೆ ಕಳೆದುಕೊಂಡ ಪದ.

ಸಂಸ್ಕೃತದಲ್ಲಿ ಇದು ‘ಶೃಂಗವೇರ’. ಶೃಂಗ ಎಂದರೆ ಕೊಂಬು, ಆದ್ದರಿಂದ ಕೊಂಬಿನಾಕಾರದ್ದು ಎಂದು ಬಿಡಿಸುತ್ತಾರೆ. ಇದು ಕೇಳಿದ ಪದವನ್ನು ಗೊತ್ತಿದ್ದ ಪದಕ್ಕೆ ಹೊಂದಿಸಿಕೊಂಡದ್ದು. ಆದರೂ ಆ ಕಿವಿಯನ್ನು ದೂರುವಂತಿಲ್ಲ. ನಾವೂ ಒಣಶುಂಠಿಯನ್ನು, ಅರಿಸಿನವನ್ನು ‘ಕೊಂಬು’ ಅಂತಲೇ ಕರೆಯುತ್ತೇವೆ.

ಕನ್ನಡಾಭಿಮಾನಿಗಳು ಎಡವುವುದು ಇನ್ನೊಂದು ಕಡೆ. ತಮಿಳಿನ ವೇಲಿ ನಮಗೆ ಬೇಲಿ, ವಿಲ್ ನಮಗೆ ಬಿಲ್ಲು, ವೇರ್ ನಮಗೆ ಬೇರು. ‘ಜಿಂಗಿಬೆರ್’ನಲ್ಲಿ ಬಕಾರ ಇದೆಯಲ್ಲ, ಹಾಗಾದರೆ ಪದ ಹೋದದ್ದು ಕನ್ನಡದಿಂದಲೇ ಎಂಬ ವಾದ ಅವಸರದ್ದು. ಗ್ರೀಕ್ ಲಿಪಿಯಲ್ಲಿ ವಕಾರಕ್ಕೆ ಬೇರೆ ಅಕ್ಷರವಿರಲಿಲ್ಲ, ಬೀಟಾ ಬರೆದರು. ಪಾಲಿಯ ರೂಪದಲ್ಲಿರುವುದು ವಕಾರವೇ. ಬೇರು ನಮ್ಮ ದಾಯಾದಿ ಪದ, ಅಷ್ಟೇ ಹೇಳಬಹುದು; ಅಷ್ಟೂ ಸಣ್ಣದಲ್ಲ.

ಹಾಗೆ ನೋಡಿದರೆ ಶುಂಠಿ ಬೇರೇ ಅಲ್ಲ, ನೆಲದೊಳಗೆ ಅಡ್ಡ ಬೆಳೆಯುವ ಕಾಂಡ. ಅದಕ್ಕೇ ಗಿಣ್ಣುಗಳಿವೆ, ಕಣ್ಣುಗಳಿವೆ. ಬಿತ್ತನೆಗೆ 20–25 ಗ್ರಾಂ ತುಂಡು, ಅದರಲ್ಲಿ ಒಂದೆರಡು ಕಣ್ಣು ಇರಲೇಬೇಕು. ಕಣ್ಣಿಲ್ಲದ ತುಂಡು ಮೊಳೆಯುವುದಿಲ್ಲ. 1807ರಲ್ಲಿ ವಿಲಿಯಂ ರಾಸ್ಕೊ ಇಟ್ಟ ಸಸ್ಯನಾಮ ‘ಜಿಂಜಿಬರ್ ಅಫಿಸಿನಾಲೆ’ಯಲ್ಲೂ ಆ ‘ಬೇರು’ ಉಳಿದುಕೊಂಡಿತು. ಸಕಲೇಶಪುರದ ಏಲಕ್ಕಿಯೂ ಇದೇ ಜಿಂಜಿಬರೇಸಿ ಕುಟುಂಬದ್ದು.

ಪದ ಸವೆಯುವುದು ಈಗಲೂ ನಡೆದಿದೆ. ನಮ್ಮ ರೈತರು ‘ರಿಗೋಡಿ’ ಎನ್ನುವ ತಳಿಯ ಪೂರ್ಣ ಹೆಸರು ರಿಯೊ ಡಿ ಜನೈರೊ.