ಉಪ್ಪಿನ ಆಗರದಲ್ಲಿ ನನ್ನ ಚಪ್ಪಲಿ ಗುರುತು

ಗೋಕರ್ಣಕ್ಕೆ ಹೋದವರು ದೇವಸ್ಥಾನ, ಓಂ ಬೀಚ್, ಕುಡ್ಲೆ ಅಂತ ಸುತ್ತಿ ವಾಪಸ್ ಬರುತ್ತಾರೆ. ನಾನೂ ಎರಡು ಸಲ ಹಾಗೇ ಮಾಡಿದ್ದೆ. ಮೂರನೇ ಸಲ ಹೋದಾಗ ಮಾರ್ಚ್ ತಿಂಗಳು. ಬೀಚಲ್ಲಿ ಜನ ಜಾಸ್ತಿ ಅನ್ನಿಸಿ ಸುಮ್ನೆ ಸಾಣಿಕಟ್ಟಾ ಕಡೆ ಬೈಕ್ ತಿರುಗಿಸಿದೆ.

ಕಡಲ ಪಕ್ಕದ ಊರಲ್ವಾ, ಅಲೆ ಸದ್ದು ಕೇಳುತ್ತದೆ ಅಂದುಕೊಂಡಿದ್ದೆ. ಇಲ್ಲ. ಅಘನಾಶಿನಿ ಹೊಳೆ ಸಮುದ್ರ ಸೇರುವ ಮೊದಲು ಮೈ ಚೆಲ್ಲಿ ಮಲಗುವ ಜಾಗ ಇದು. ಉಬ್ಬರದಲ್ಲಿ ಉಪ್ಪುನೀರು ಸದ್ದಿಲ್ಲದೆ ಒಳಗೆ ಬರುತ್ತದೆ, ಇಳಿತದಲ್ಲಿ ಕೆಸರು ಬಿಟ್ಟು ಹೋಗುತ್ತದೆ. ಕಾಂಡ್ಲಾ ಗಿಡ, ಬೆಳ್ಳಕ್ಕಿ, ಕೆಸರಿನ ಘಾಟು. ಅದರಾಚೆ ಆಗರ: ಚೌಕ ಚೌಕವಾಗಿ ಕಟ್ಟಿದ ಮಡಿಗಳು, ಒಂದೊಂದರಲ್ಲೂ ಒಂದೊಂದು ಬಣ್ಣದ ಆಕಾಶ, ಬದುವಿನ ಮೇಲೆ ಸಾಲಾಗಿ ಉಪ್ಪಿನ ಗುಡ್ಡೆ.

ಫೋಟೋ ತೆಗೆಯೋಣ ಅಂತ ಬದುವಿನ ಮೇಲೆ ಹೋದೆ. ಸರಿಯಾದ ಕೋನಕ್ಕಾಗಿ ಒಂದು ಹೆಜ್ಜೆ ಕೆಳಗೆ ಇಟ್ಟೆ, ಅಷ್ಟೇ.

"ಏ ತಮಾ, ಚಪ್ಪಲಿ! ಚಪ್ಪಲಿ!"

ಉದ್ದ ಹಿಡಿಯ ಹಲಗೆಯಿಂದ ಉಪ್ಪು ಎಳೆಯುತ್ತಿದ್ದ ಒಬ್ಬ ಅಮ್ಮ ಅಲ್ಲಿಂದಲೇ ಕೂಗಿದರು. ನೋಡಿದರೆ, ಮಡಿಯ ನುಣುಪಾದ ನೆಲದ ಮೇಲೆ ನನ್ನ ಚಪ್ಪಲಿಯ ಅಚ್ಚು, ಅಡಿಯ ಗೆರೆಗಳ ಸಮೇತ. ಸುತ್ತಲಿನ ಉಪ್ಪೆಲ್ಲ ಕೆಸರು. ಆ ನೆಲವನ್ನು ಅವರು ಜೇಡಿಮಣ್ಣು ಹಾಕಿ, ಕಾಲಲ್ಲೇ ತುಳಿದು ತುಳಿದು ಗಟ್ಟಿ ಮಾಡಿರುತ್ತಾರಂತೆ. ಅದು ಕಿತ್ತರೆ ಉಪ್ಪಿನ ಜೊತೆ ಮಣ್ಣೂ ಬರುತ್ತದೆ. ನಾನು "ತಪ್ಪಾಯ್ತಮ್ಮ" ಅಂತ ಚಪ್ಪಲಿ ಕೈಯಲ್ಲಿ ಹಿಡಿದು ನಿಂತೆ. ಅವರು ಅಂಗಾಲಲ್ಲಿ ಆ ಗುರುತನ್ನು ಒತ್ತಿ ಒತ್ತಿ ಸಮ ಮಾಡಿದರು. ಬೈಗುಳ ಮಾತ್ರ ನಿಲ್ಲಲಿಲ್ಲ, ಆದರೆ ನಡುನಡುವೆ ನಗುತ್ತಿದ್ದರು.

ಆ ನಗು ನೋಡಿ ಧೈರ್ಯ ಬಂದು ಪೆದ್ದು ಪ್ರಶ್ನೆಯೊಂದನ್ನು ಕೇಳಿದೆ: ನೀರು ಪೂರ್ತಿ ಒಣಗಿದ ಮೇಲೆ ಎಳೆದರೆ ಸುಲಭ ಅಲ್ವಾ, ಇನ್ನೂ ನೀರಿರುವಾಗಲೇ ಯಾಕೆ?

"ಪೂರ್ತಿ ಒಣಗಿದ್ರೆ ಕಹಿ ಆಗ್ತದೆ."

ಅಲ್ಲಿಯವರೆಗೆ ನನ್ನ ತಲೆಯಲ್ಲಿ ಉಪ್ಪು ಮಾಡುವುದು ಅಂದರೆ ನೀರು ಬಿಟ್ಟು ಬಿಸಿಲಿಗೆ ಕಾಯುವುದು, ಅಷ್ಟೇ. ಹಾಗಲ್ಲ. ಸಮುದ್ರದ ನೀರಿನಲ್ಲಿ ನೂರಕ್ಕೆ ಮೂರೂವರೆ ಪಾಲು ಲವಣ. ಅದನ್ನು ಮಡಿಯಿಂದ ಮಡಿಗೆ ಹರಿಸಿ ದಪ್ಪ ಮಾಡುತ್ತಾ ಬಂದರೆ ಮೊದಲು ಸುಣ್ಣದಂಥದ್ದು, ಜಿಪ್ಸಂ ತಳ ಹಿಡಿಯುತ್ತದೆ, ಆಮೇಲೆ ನಮ್ಮ ಅಡುಗೆ ಉಪ್ಪು ಹರಳಾಗುತ್ತದೆ. ಕೊನೆಗೆ ಉಳಿಯುವ ನೀರಲ್ಲಿ ಮೆಗ್ನೀಸಿಯಮ್. ಕಹಿ ಅದರದ್ದು. ಹರಳು ಕಟ್ಟಿದ ಮೇಲೆ, ಆ ನೀರು ಇಂಗುವ ಮೊದಲು ಎಳೆದುಬಿಡಬೇಕು. ಯಾವಾಗ ಅನ್ನುವುದಕ್ಕೆ ಆ ಅಮ್ಮನ ಕೈಯಲ್ಲಿ ಮೀಟರು ಗೀಟರು ಏನೂ ಇರಲಿಲ್ಲ. ಮೇಲೆ ಕೆನೆಯಂತೆ ಕಟ್ಟಿದ್ದ ತೆಳು ಪದರವನ್ನು ಬೆರಳಲ್ಲಿ ಮುಟ್ಟಿದರು, ಮುರಿದರು, ಪಕ್ಕದ ಮಡಿಗೆ ಹೋದರು.

ಹೊರಡುವಾಗ ಒಂದು ಸಣ್ಣ ಚೀಲ ಉಪ್ಪು ತಂದೆ. ಅಂಗಡಿಯ ಪುಡಿ ಉಪ್ಪಿನಷ್ಟು ಬೆಳ್ಳಗಿಲ್ಲ, ಹರಳಿನಲ್ಲಿ ಮಣ್ಣಿನ ನಸುಗೆಂಪು. ನನ್ನ ಚಪ್ಪಲಿಯದ್ದೂ ಸ್ವಲ್ಪ ಇರಬಹುದು. ಮನೆಯಲ್ಲಿ ಎಲ್ಲರೂ ಒಮ್ಮೆ ನೋಡಿ ಸುಮ್ಮನಾದರು. ಚೀಲವನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದೆ.

ಜೂನ್‌ನಲ್ಲಿ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ನೋಡಿದರೆ ಚೀಲದ ಮೂಲೆಯಿಂದ ತೊಟ್ಟು ತೊಟ್ಟಾಗಿ ನೀರು, ಕೆಳಗೆ ಪುಟ್ಟ ಮಡು. ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟೆ. ಉಪ್ಪಿಗಿಂತ ಜಾಸ್ತಿ ಕಹಿ.